ಮಗ್ಗುಲು ಬದಲಿಸಿದರೆ ಮನೆಯೇ ಸುತ್ತುತ್ತದೆ: ಕತ್ತಿನ ಸವೆತವೇ, ಕಿವಿಯ ತೊಂದರೆಯೇ?

ಶಿರಸಿಯ ಸೊಸೆ:
ನಮ್ಮ ಅತ್ತೆಗೆ 68 ವರ್ಷ. ಹಬ್ಬಕ್ಕೆಂದು ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸಲು ಕತ್ತೆತ್ತಿದವರು ಕಂಬ ಹಿಡಿದು ಅಲ್ಲೇ ಕುಸಿದು ಕುಳಿತರು. ಅಂದಿನಿಂದ ಬಲಮಗ್ಗುಲಿಗೆ ಹೊರಳಿದರೆ ಸಾಕು, ಜಂತಿ, ಫ್ಯಾನು, ಗೋಡೆಯ ದೇವರ ಪಟ ಎಲ್ಲವೂ ಗಿರ್ರನೆ ತಿರುಗುತ್ತವೆ ಎನ್ನುತ್ತಾರೆ. ವಾಕರಿಕೆಯೂ ಇದೆ. ತೋರಿಸಿದ ಕಡೆ ಎಕ್ಸ್-ರೇ ನೋಡಿ, ಕತ್ತಿನ ಮೂಳೆ ಸವೆದಿದೆ ಎಂದು ಪಟ್ಟಿ ಹಾಕಿಸಿ, ಮೂರು ಹೊತ್ತೂ ಸುತ್ತು ತಡೆಯುವ ಸಿನ್ನರಿಜಿನ್ ಮಾತ್ರೆ ಕೊಟ್ಟಿದ್ದಾರೆ. ಹಗಲೆಲ್ಲ ತೂಕಡಿಕೆ, ಸುತ್ತು ಮಾತ್ರ ಇದ್ದ ಹಾಗೇ ಇದೆ. ಎಂ.ಆರ್.ಐ. ಮಾಡಿಸಬೇಕೇ? ಹುಬ್ಬಳ್ಳಿಗೆ ಕರೆದೊಯ್ದರೆ ಯಾವ ವೈದ್ಯರಿಗೆ ತೋರಿಸಲಿ?

ಕಷಾಯಪ್ರಿಯ:
ಇದು ಪಿತ್ತವೇ, ಅನುಮಾನ ಬೇಡ. ಕೊತ್ತಂಬರಿ, ಜೀರಿಗೆ ರಾತ್ರಿ ನೆನೆಸಿಟ್ಟು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಆ ನೀರು ಕೊಡಿ. ನನ್ನ ತಾಯಿಗೆ ಅದರಿಂದಲೇ ವಾಸಿಯಾಯಿತು.

ನಿವೃತ್ತ ಕಿವಿ ವೈದ್ಯೆ:
ಕೊತ್ತಂಬರಿ ನೀರು ಹಿತವಾದದ್ದು, ಕುಡಿಯಲಿ. ಆದರೆ ಈ ಬಗೆಯ ಸುತ್ತು ಅನೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಕೀರ್ತಿ ಆಗ ಕುಡಿಯುತ್ತಿದ್ದ ಕಷಾಯಕ್ಕೆ ಸಲ್ಲುತ್ತದೆ.

ಸೊಸೆಯವರೇ, ಸುತ್ತು ಬಂದರೆ ಎಷ್ಟು ಹೊತ್ತು ಇರುತ್ತದೆ? ಗಡಿಯಾರ ನೋಡಿ ಹೇಳಿ. ಕಿವಿ ಮಂದವಾಗಿದೆಯೇ, ಗುಂಯ್‌ಗುಡುತ್ತದೆಯೇ? ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಕೈಕಾಲಿನ ಬಲ ಕುಂದುವುದು, ನಿಲ್ಲಲಾಗದಷ್ಟು ವಾಲುವುದು ಇದೆಯೇ? ಇವುಗಳಲ್ಲಿ ಒಂದು ಇದ್ದರೂ ನನ್ನ ಉತ್ತರಕ್ಕೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಅದು ಪಾರ್ಶ್ವವಾಯು ಆಗಿರಬಹುದು.

ಶಿರಸಿಯ ಸೊಸೆ:
ಮೊಬೈಲ್ ಹಿಡಿದು ನೋಡಿದೆ ಮೇಡಂ, ಅರ್ಧ ನಿಮಿಷವೂ ಇಲ್ಲ. ಅವರು ಮಾತ್ರ ‘ಗಂಟೆಗಟ್ಟಲೆ ಸುತ್ತಿತು’ ಎನ್ನುತ್ತಿದ್ದರು. ಕಿವಿ ಬಹಳ ಚುರುಕು. ಅಡುಗೆಮನೆಯಲ್ಲಿ ನಾವು ಪಿಸುಗುಟ್ಟಿದ್ದು ಜಗಲಿಯಲ್ಲಿ ಕುಳಿತವರಿಗೆ ಕೇಳಿಸುತ್ತದೆ. ಉಳಿದ ಯಾವುದೂ ಇಲ್ಲ.

ನಿವೃತ್ತ ಕಿವಿ ವೈದ್ಯೆ:
ಹಾಗಾದರೆ ಇದು ಬಹುಪಾಲು ಬಿ.ಪಿ.ಪಿ.ವಿ., ಅಂದರೆ ತಲೆಯ ಭಂಗಿ ಬದಲಾದಾಗ ತಟ್ಟನೆ ಬಂದು ಹೋಗುವ, ಪ್ರಾಣಾಪಾಯವಿಲ್ಲದ ಸುತ್ತು. ಒಳಕಿವಿಯಲ್ಲಿ ಯುಟ್ರಿಕಲ್ ಎಂಬ ಪುಟ್ಟ ಚೀಲವಿದೆ. ಅದರೊಳಗಿನ ಅಂಟುಪೊರೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಕುಳಿತಿರುತ್ತವೆ. ವಯಸ್ಸಾದಾಗ, ತಲೆಗೆ ಪೆಟ್ಟು ಬಿದ್ದಾಗ, ಎಷ್ಟೋ ಸಲ ಗೊತ್ತಾಗುವ ಕಾರಣವಿಲ್ಲದೆಯೇ ಅವು ಕಳಚಿ, ತಲೆ ತಿರುಗುವುದನ್ನು ಅರಿಯುವ ಅರ್ಧವೃತ್ತ ನಾಳಕ್ಕೆ, ಹೆಚ್ಚಾಗಿ ಹಿಂಬದಿಯ ನಾಳಕ್ಕೆ, ಜಾರುತ್ತವೆ. ತಲೆ ಹೊರಳಿಸಿದಾಗ ಹರಳು ಉರುಳಿ ನಾಳದ ದ್ರವವನ್ನು ತನ್ನೊಂದಿಗೆ ಎಳೆಯುತ್ತದೆ. ತಲೆ ನಿಂತಮೇಲೂ ಆ ಕಿವಿ ‘ಇನ್ನೂ ತಿರುಗುತ್ತಿದ್ದೇನೆ’ ಎಂದು ಮೆದುಳಿಗೆ ದೂರು ಕೊಡುತ್ತಲೇ ಇರುತ್ತದೆ. ಹರಳು ತಳ ಸೇರಿತೋ, ಸುತ್ತು ನಿಂತಿತು. ಅದಕ್ಕೇ ನಾನು ಗಡಿಯಾರ ನೋಡಿ ಎಂದದ್ದು. ಒಳಕಿವಿಯದೇ ಇನ್ನೊಂದು ತೊಂದರೆಯಾದ ಮೆನಿಯೇರ್ ಕಾಯಿಲೆಯಲ್ಲಿ ಸುತ್ತು ಗಂಟೆಗಟ್ಟಲೆ ಇರುತ್ತದೆ, ಜೊತೆಗೆ ಕಿವಿ ಮಂದವಾಗುತ್ತದೆ. ಸಮತೋಲನ ನರದ ಉರಿಯೂತವಾದರೆ ದಿನಗಟ್ಟಲೆ.

ಇನ್ನು ಆ ಕತ್ತಿನ ಪಟ್ಟಿ. ಈ ವಯಸ್ಸಿನಲ್ಲಿ ಹೆಚ್ಚಿನವರ ಎಕ್ಸ್-ರೇಯಲ್ಲಿ ಸವೆತ ಕಾಣುತ್ತದೆ, ನನ್ನದರಲ್ಲೂ ಇದೆ. ಪಾಪ, ಮಾಡದ ತಪ್ಪಿಗೆ ಕತ್ತು ಶಿಕ್ಷೆ ಅನುಭವಿಸುತ್ತಿದೆ. ಎಂ.ಆರ್.ಐ.ಯಲ್ಲಿ ಈ ಹರಳು ಕಾಣುವುದೂ ಇಲ್ಲ.

ಕಿವಿ, ಮೂಗು, ಗಂಟಲು ತಜ್ಞರ ಬಳಿ ಹೋಗಿ ‘ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾಡುತ್ತೀರಾ’ ಎಂದು ಕೇಳಿ. ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಮಂಚದ ಅಂಚಿನಿಂದ ತಲೆ ತುಸು ಕೆಳಕ್ಕೆ ಇಳಿಯುವಂತೆ ಸರ್ರನೆ ಮಲಗಿಸುತ್ತಾರೆ. ಮೊದಲು ಏನೂ ಆಗುವುದಿಲ್ಲ. ಕೆಲವು ಸೆಕೆಂಡು ಕಳೆದು ಕಣ್ಣುಗುಡ್ಡೆಗಳು ತಿರುಚುತ್ತ ಮೇಲಕ್ಕೆ ಪಟಪಟನೆ ಜಿಗಿಯತೊಡಗುತ್ತವೆ, ಬರಬರುತ್ತ ನಿಧಾನವಾಗಿ ನಿಲ್ಲುತ್ತವೆ. ಇಷ್ಟು ಕಂಡರೆ ರೋಗ ಸಿಕ್ಕಿತು. ಅಲ್ಲಿಂದಲೇ ಎಪ್ಲಿ ವಿಧಾನ ಶುರು: ತಲೆಯನ್ನು ಎಡಕ್ಕೆ ತಿರುಗಿಸಿ, ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ ಮೂಗು ನೆಲ ನೋಡುವಂತೆ ಮಾಡಿ, ಕೊನೆಗೆ ಎಬ್ಬಿಸಿ ಕೂರಿಸುವುದು. ಪ್ರತಿ ಭಂಗಿಯಲ್ಲಿ ಅರ್ಧದಿಂದ ಒಂದು ನಿಮಿಷ. ಹರಳು ಹಿಂದೆ ಉರುಳಿ ಚೀಲ ಸೇರುತ್ತದೆ. ಹೆಚ್ಚಿನವರಿಗೆ ಒಂದೆರಡು ಸಲ ಮಾಡಿದರೆ ಸಾಕು. ಅಮೆರಿಕದ ಜಾನ್ ಎಪ್ಲಿ ಇದನ್ನು ಹೇಳಿದಾಗ ಅವರ ವೃತ್ತಿಬಾಂಧವರೇ ನಂಬಲಿಲ್ಲ. 1992ರಲ್ಲಿ ಅವರ ಪ್ರಬಂಧ ಪ್ರಕಟವಾದ ಮೇಲೆ ಜಗತ್ತಿನಾದ್ಯಂತ ಬಳಕೆಗೆ ಬಂತು. ವಿಡಿಯೊ ನೋಡಿ ಮನೆಯಲ್ಲೇ ಪ್ರಯತ್ನಿಸಬೇಡಿ: ಯಾವ ಕಿವಿ, ಯಾವ ನಾಳ ಎಂಬುದು ಮೊದಲು ತಿಳಿಯಬೇಕು.

ಬೆಳಗಿನ ನಡಿಗೆ:
ನನಗೆ ಸುತ್ತುವುದಿಲ್ಲ, ಹಾಸಿಗೆಯಿಂದ ಎದ್ದು ನಿಂತೊಡನೆ ಕಣ್ಣು ಕತ್ತಲೆ ಬರುತ್ತದೆ. ಇದೂ ಹರಳೇ?

ನಿವೃತ್ತ ಕಿವಿ ವೈದ್ಯೆ:
ಅಲ್ಲ. ರಕ್ತದೊತ್ತಡಕ್ಕೆ ಅಥವಾ ಪ್ರಾಸ್ಟೇಟ್‌ಗೆ ಮಾತ್ರೆ ನುಂಗುತ್ತಿದ್ದೀರಾ? ಮಲಗಿದ್ದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಒತ್ತಡ ಅಳೆಸಿ. ಮೇಲಿನ ಅಂಕಿ 20ರಷ್ಟು ಇಳಿದರೆ ನಿಮ್ಮ ವೈದ್ಯರಿಗೆ ತಿಳಿಸಿ. ನೀವೇ ಮಾತ್ರೆ ನಿಲ್ಲಿಸಬೇಡಿ.

ಶಿರಸಿಯ ಸೊಸೆ:
ಗುರುವಾರಕ್ಕೆ ಸಮಯ ಸಿಕ್ಕಿದೆ ಮೇಡಂ. ಅತ್ತೆಯ ಮಾತ್ರೆ ಮುಂದುವರಿಸಲೇ? ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ವಾಂತಿಯಾದರೆ ಎಂಬ ಭಯ.

ನಿವೃತ್ತ ಕಿವಿ ವೈದ್ಯೆ:
ಸಿನ್ನರಿಜಿನ್‌ನಂಥವು ವಾಕರಿಕೆ ತಡೆಯಲು ಎರಡು ಮೂರು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದ ಹಿರಿಯರಲ್ಲಿ ಕೈ ನಡುಗಿ, ನಡಿಗೆ ಕುಂಠಿತವಾಗುವುದನ್ನು ನೋಡಿದ್ದೇನೆ. ಪರೀಕ್ಷೆಗೆ ಮುಂಚೆ ಎಷ್ಟು ದಿನ ನಿಲ್ಲಿಸಬೇಕೆಂದು ಆ ತಜ್ಞರಿಗೇ ಫೋನ್ ಮಾಡಿ ಕೇಳಿ. ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಯಿರಿ, ಹೊಟ್ಟೆಗೆ ಹಗುರವಾಗಿ ಏನಾದರೂ ಕೊಡಿ. ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನು ಒಯ್ಯಿರಿ. ಮತ್ತೆ ಆ ಹಂಡೆ ಇಳಿಸುವ ಕೆಲಸ ಮನೆಯ ಗಂಡಸರು ಮಾಡಲಿ.