ಕಾರವಾರದಲ್ಲಿ ಹೊಸ ಸಿಸ್ಟರ್: ರೋಗಿ, ಮನೆಯವರು, ಜೊತೆ ಕೆಲಸದವರ ಹತ್ತಿರ ಹೇಗಿರಬೇಕು? ಅನುಭವ ಇದ್ದವರು ಹೇಳಿ

ನಾನು ಗದಗ ಕಡೆಯವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಕಾರವಾರದಲ್ಲಿ ಸರ್ಜಿಕಲ್ ವಾರ್ಡಿಗೆ ಸೇರಿದ್ದೇನೆ. ಕೆಲಸಕ್ಕೆ ಹೆದರಿಕೆಯಿಲ್ಲ, ಜನರ ಜೊತೆ ಹೇಗಿರಬೇಕು ಅನ್ನೋದೇ ಗೊತ್ತಾಗ್ತಿಲ್ಲ. ತುಂಬಾ ಜನ ಕೊಂಕಣಿಯಲ್ಲೇ ಮಾತಾಡುತ್ತಾರೆ. ರೋಗಿಯ ಮನೆಯವರು ಎಲ್ಲದಕ್ಕೂ ನಮ್ಮ ಮೇಲೇ ರೇಗುತ್ತಾರೆ. ಸೀನಿಯರ್ ಸಿಸ್ಟರ್‌ಗಳನ್ನು ಏನಾದರೂ ಕೇಳಿದರೆ "ಇಷ್ಟೂ ಗೊತ್ತಿಲ್ವಾ" ಅನ್ನುತ್ತಾರೆ. ಹಳಬರು ದಯವಿಟ್ಟು ಹೇಳಿ.

ಶಿರಸಿಯಿಂದ:

ತಂಗಿ, ಮನೆಯವರ ವಿಷಯದಿಂದಲೇ ಶುರು ಮಾಡುತ್ತೇನೆ. ಈ ಜಿಲ್ಲೆಯಲ್ಲಿ ಅವರ ಸಿಟ್ಟಿಗೆ ಒಂದು ಕಾರಣ ಇದೆ, ಅದು ನಿನಗೆ ಗೊತ್ತಿರಬೇಕು. ಇಲ್ಲಿ ಸ್ವಲ್ಪ ದೊಡ್ಡ ಕೇಸ್ ಆಯಿತು ಅಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ವರ್ಷಗಟ್ಟಲೆ ಕೇಳಿದ್ದಾರೆ, ಬೀದಿಗೂ ಇಳಿದಿದ್ದಾರೆ. ಹಾಗಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ "ಇವರೂ ಮುಂದೆ ಕಳಿಸಿಬಿಡ್ತಾರೆ" ಅನ್ನೋ ಹೆದರಿಕೆ ಇರುತ್ತದೆ. ಡಾಕ್ಟರ್ ರೌಂಡ್ಸ್ ಮುಗಿಸಿ ಹೋಗುತ್ತಾರೆ, ಆಮೇಲೆ ಎದುರಿಗೆ ಸಿಗುವವಳು ನೀನು. ಆ ಹೆದರಿಕೆಯೆಲ್ಲ ನಿನ್ನ ಮೇಲೆ ಸಿಟ್ಟಾಗಿ ಬರುತ್ತದೆ.

ನಮ್ಮ ಕಡೆ ಕೊನೆ ಕೊಯ್ಯಲು ಅಡಿಕೆ ಮರ ಹತ್ತಿದವರು ಬಿದ್ದು ಬರುವುದು ಪ್ರತಿ ವರ್ಷದ ಪಾಡು. ಅಂಥ ಒಬ್ಬರು ಬಂದಿದ್ದರು, ಕಾಲು ಅಲ್ಲಾಡುತ್ತಿರಲಿಲ್ಲ. ಹುಬ್ಬಳ್ಳಿಗೆ ಒಯ್ಯಬೇಕು ಅಂದಾಗ ಅವರ ತಮ್ಮ ಕೂಗಾಡಿಬಿಟ್ಟ. ಇಲ್ಲಿಂದ ಸುಮಾರು 100 ಕಿಲೋಮೀಟರ್ ದಾರಿ, ಯಾರಿಗಾದರೂ ಕೈಕಾಲು ನಡುಗುತ್ತದೆ. ಅವನನ್ನು ಬದಿಗೆ ಕರೆದು ಕೂರಿಸಿ ಹೇಳಿದೆ: ಬೆನ್ನುಮೂಳೆಗೆ ಪೆಟ್ಟಾಗಿದೆ ಅಂತ ಡಾಕ್ಟರ್ ಹೇಳಿದರಲ್ಲ, ಅದಕ್ಕೇ ಕುತ್ತಿಗೆಗೆ ಕಾಲರ್ ಹಾಕಿ ಬೋರ್ಡಿನ ಮೇಲೆ ಮಲಗಿಸಿದ್ದು. ದಾರಿಯಲ್ಲಿ ತಲೆದಿಂಬು ಕೊಡಬೇಡ, ಎಬ್ಬಿಸಿ ಕೂರಿಸಬೇಡ, ನೀರು ಕೇಳಿದರೂ ಕುಡಿಸಬೇಡ, ಅಲ್ಲಿ ಆಪರೇಶನ್ ಮಾಡಬೇಕಾಗಬಹುದು. ಮೂತ್ರದ ಚೀಲ ಯಾವಾಗಲೂ ಕೆಳಗೇ ಇರಲಿ. ಎಕ್ಸ್‌ರೇ, ರೆಫರ್ ಚೀಟಿ ಎರಡೂ ಈ ಕವರಿನಲ್ಲಿವೆ, ಬೇರೆ ಯಾರ ಕೈಗೂ ಕೊಡಬೇಡ. ಅಷ್ಟು ಕೇಳಿಸಿಕೊಂಡ ಮೇಲೆ ಅವನು ಕೂಗಲಿಲ್ಲ. "ರೇಷನ್ ಕಾರ್ಡು, ಆಧಾರ್ ತಗೊಂಡು ಹೋಗಬೇಕಾ ಸಿಸ್ಟರ್" ಅಂತ ಕೇಳಿದ. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಮನೆಗೆ ಫೋನ್ ಮಾಡಿ ತರಿಸಿಯೂ ಇದ್ದ.

ನಾನು ನಂಬಿಕೊಂಡು ಬಂದದ್ದು ಇದನ್ನೇ: ಮುಂದೆ ಏನಾಗುತ್ತದೆ ಅಂತ ಅವರು ಕೇಳುವ ಮೊದಲೇ ಹೇಳಬೇಕು. ಡ್ರಿಪ್ ಯಾವಾಗ ಮುಗಿಯುತ್ತದೆ, ಗಂಜಿ ಯಾವಾಗ ಕೊಡಬಹುದು, ಡಾಕ್ಟರ್ ಎಷ್ಟು ಹೊತ್ತಿಗೆ ಬರುತ್ತಾರೆ. ಗೊತ್ತಿಲ್ಲದಿದ್ದರೆ "ಕೇಳಿ ಹೇಳ್ತೇನೆ" ಅನ್ನು, ಕೇಳಿ ಬಂದು ಹೇಳು. ಹೇಳಿ ಮರೆತುಬಿಟ್ಟರೆ ಮಾತ್ರ ಮತ್ತೆ ನಂಬುವುದಿಲ್ಲ. ಕಾಯಿಲೆ ಏನು, ಉಳಿಯುತ್ತಾರಾ ಇಲ್ಲವಾ ಅನ್ನೋದು ಡಾಕ್ಟರ್ ಹೇಳಬೇಕಾದ ಮಾತು. ಅದನ್ನು ನೀನು ಹೇಳಬೇಡ, ಅವರು ಹೇಳುವಾಗ ಪಕ್ಕದಲ್ಲಿರು.

ಕುಮಟಾದಿಂದ:

ಕೇಳುವ ಮೊದಲೇ ಹೇಳಬೇಕು ಅಂತ ಶಿರಸಿಯವರು ಹೇಳಿದ ಮಾತು ಸಹೋದ್ಯೋಗಿಗಳಿಗೂ ಅನ್ವಯಿಸುತ್ತದೆ. ರಾತ್ರಿ ಡಾಕ್ಟರಿಗೆ ಫೋನ್ ಮಾಡಿ "ಸರ್, ಪೇಷಂಟ್ ಯಾಕೋ ಸರಿ ಇಲ್ಲ" ಅಂದರೆ ಬೈಸಿಕೊಳ್ಳುವುದು ಖಾತ್ರಿ. ಹೀಗೆ ಹೇಳಿ ನೋಡಿ: "ಸರ್, ಆರನೇ ಬೆಡ್ಡಿನವರಿಗೆ ಬಿಪಿ 90/60ಕ್ಕೆ ಇಳಿದಿದೆ, ಪಲ್ಸ್ 120. ಮಧ್ಯಾಹ್ನ ಹೊಟ್ಟೆಯ ಆಪರೇಶನ್ ಆದವರು. ಡ್ರೆಸಿಂಗ್ ರಕ್ತದಲ್ಲಿ ನೆನೆದಿದೆ, ಬ್ಲೀಡಿಂಗ್ ಇರಬಹುದು ಅನ್ನಿಸುತ್ತದೆ. ನೀವು ಈಗಲೇ ಬಂದು ನೋಡಬೇಕು." ಇದಕ್ಕೇ ಎಸ್‌ಬಿಎಆರ್ ಅನ್ನುತ್ತಾರೆ: ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್. ಅಂದರೆ ಈಗ ಏನಾಗಿದೆ, ಹಿಂದಿನ ಕಥೆ ಏನು, ನನಗೇನು ಅನ್ನಿಸುತ್ತದೆ, ಏನಾಗಬೇಕು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಶುರುವಾದ ಪದ್ಧತಿ, ಆಮೇಲೆ ಆಸ್ಪತ್ರೆಗಳಿಗೆ ಬಂತು. ಫೋನಿನಲ್ಲಿ ಕೊಟ್ಟ ಆರ್ಡರನ್ನು ಬರೆದುಕೊಂಡು, ಔಷಧದ ಹೆಸರು, ಡೋಸ್ ಎರಡನ್ನೂ ವಾಪಸ್ ಓದಿ ಹೇಳಿ, ಅವರು ಹೌದು ಅಂದ ಮೇಲೇ ಕೊಡಿ.

ಸೀನಿಯರ್‌ಗಳ ಹತ್ತಿರ "ಇದು ಹೇಗೆ ಮಾಡೋದು" ಅಂತ ಖಾಲಿ ಕೈಯಲ್ಲಿ ಹೋಗಬೇಡಿ. "ಅಕ್ಕಾ, ನಾನು ಹೀಗೆ ಮಾಡಬೇಕು ಅಂದುಕೊಂಡಿದ್ದೇನೆ, ಸರಿ ಇದೆಯಾ" ಅನ್ನಿ. ಶಿಫ್ಟ್ ಬದಲಾಗುವಾಗ ಹ್ಯಾಂಡ್‌ಓವರನ್ನು ಕುರ್ಚಿಯಲ್ಲಿ ಕೂತು ಕೊಡದೆ ಬೆಡ್ಡಿನ ಹತ್ತಿರ ನಿಂತು ಕೊಡಿ. ಡ್ರಿಪ್ಪಿಗೆ ಕ್ಯಾನುಲಾ ಹಾಕಿದ ಕೈ ಬಾತಿದ್ದರೆ ಇಬ್ಬರಿಗೂ ಅಲ್ಲೇ ಕಾಣುತ್ತದೆ, ಆಮೇಲೆ "ನಿಮ್ಮ ಶಿಫ್ಟಿನಲ್ಲಿ ಆಗಿದ್ದು" ಅನ್ನೋ ಜಗಳವೇ ಇರುವುದಿಲ್ಲ. ಭಾಷೆಗೆ ಆಯಾಗಳೇ ಗತಿ. ಊರಿನವರು, ಕೊಂಕಣಿ ಬಲ್ಲವರು, ಯಾವ ಅಜ್ಜಿ ಯಾಕೆ ಊಟ ಬಿಟ್ಟಿದ್ದಾರೆ ಅನ್ನೋದು ಅವರಿಗೇ ಮೊದಲು ಗೊತ್ತಾಗುತ್ತದೆ. ಅವರನ್ನು ಹೆಸರು ಹಿಡಿದು ಗೌರವದಿಂದ ಕರೆಯಿರಿ. ನೋವು, ಊಟ, ಜ್ವರ ಇಂಥ ದಿನಬಳಕೆಯ ಮಾತುಗಳನ್ನು ಅವರಿಂದಲೇ ಕಲಿಯಿರಿ.

ಕಾರವಾರದಿಂದ:

ರೋಗಿಗಳ ಬಗ್ಗೆ ನನ್ನದೊಂದು. ನಮ್ಮ ವಾರ್ಡಿನಲ್ಲಿ ಸಿದ್ದಾಪುರ ಕಡೆಯ ಅಜ್ಜ ಒಬ್ಬರು ಇದ್ದರು, ಬೆಳಿಗ್ಗೆ ಆಪರೇಶನ್. ಬಾಯಿಗೆ ಏನೂ ಹಾಕಬಾರದು ಅಂತ ಬೋರ್ಡು ತೂಗುಹಾಕಿದ್ದರೂ ದಿಂಬಿನಡಿ ಕವಳದ (ಎಲೆ-ಅಡಿಕೆಯ) ಸಂಚಿ. ಬೈದು ಕಿತ್ತುಕೊಂಡಿದ್ದರೆ ಇನ್ನೊಂದು ಸಂಚಿ ಬರುತ್ತಿತ್ತು, ಅಷ್ಟೇ. ಜೊತೆಗಿದ್ದ ಸಿಸ್ಟರ್ ಪಕ್ಕ ಕೂತು "ಅಜ್ಜಾ, ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು, ಉಸಿರಿಗೇ ಕಷ್ಟ" ಅಂತ ನಿಧಾನವಾಗಿ ಹೇಳಿದರು. ಮತ್ತೆ ಯಾವಾಗ ಹಾಕಬಹುದು ಅಂತ ಡಾಕ್ಟರನ್ನು ಕೇಳಿಯೂ ಬಂದರು. ಅಜ್ಜ ತಾವೇ ಸಂಚಿ ತೆಗೆದು ಮಗಳ ಕೈಗೆ ಕೊಟ್ಟರು.

ಇನ್ನೊಂದು ಮಾತು, ಇಲ್ಲಿ ಎಲ್ಲರಿಗೂ ಎಲ್ಲರ ಗುರುತು. ಬಸ್‌ಸ್ಟ್ಯಾಂಡಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ "ನಮ್ಮ ಪಕ್ಕದ ಮನೆಯವರಿಗೆ ಏನಾಗಿದ್ದು ಸಿಸ್ಟರ್" ಅಂತ ಪ್ರೀತಿಯಿಂದಲೇ ಕೇಳುತ್ತಾರೆ. "ಅವರನ್ನೇ ಕೇಳಿ" ಅಂತ ನಕ್ಕು ಮುಂದೆ ಹೋಗಿ. ಎಚ್‌ಐವಿ ವಿಷಯದಲ್ಲಂತೂ ಗುಟ್ಟು ಕಾಯಬೇಕು ಅಂತ 2017ರ ಕಾನೂನೇ ಇದೆ. ವಾರ್ಡಿನ ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ನಿಮ್ಮ ಸ್ವಂತ ನಂಬರ್ ಬದಲು ವಾರ್ಡಿನ ನಂಬರ್ ಕೊಡಿ.

ಇಷ್ಟೆಲ್ಲ ಮಾಡಿದರೂ ಯಾರಾದರೂ ಕೈ ಎತ್ತಿದರೆ ಸಹಿಸಿಕೊಂಡು ಇರಬೇಡಿ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ಅದರಲ್ಲಿ ನರ್ಸ್‌ಗಳೂ ಸೇರಿದ್ದಾರೆ. ಅದೇ ದಿನ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ, ಬರವಣಿಗೆಯಲ್ಲಿ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ.