ತಂದೆ-ಮಗನ ವಯಸ್ಸಿನ ಲೆಕ್ಕ, ಒಂದ್ಸಲ ಮೈನಸ್ ಬರ್ತಿದೆ ಒಂದ್ಸಲ ಸೊನ್ನೆ ಬರ್ತಿದೆ

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಮಗಳು 8ನೇ ಕ್ಲಾಸು, ಸಂಜೆಯಿಂದ ಒಂದೇ ಲೆಕ್ಕ ಹಿಡ್ಕೊಂಡು ಕೂತಿದೀವಿ. ತಂದೆಯ ಈಗಿನ ವಯಸ್ಸು ಮಗನ ವಯಸ್ಸಿನ 4 ಪಟ್ಟು, 5 ವರ್ಷದ ಹಿಂದೆ 7 ಪಟ್ಟಿತ್ತು, ಇಬ್ಬರ ಈಗಿನ ವಯಸ್ಸೆಷ್ಟು? ಮಗ ಎಕ್ಸ್, ತಂದೆ 4ಎಕ್ಸ್ ಅಂತ ತಗೊಂಡು ಅವ್ಳು ಮೊದ್ಲು 4ಎಕ್ಸ್ - 5 = 7ಎಕ್ಸ್ ಅಂತ ಬರೆದ್ಲು, ಎಕ್ಸ್ = -5/3 ಬಂತು. ಮಗನಿಗೂ 5 ಕಳೀಬೇಕಲ್ವೇನೇ ಅಂದೆ, 4ಎಕ್ಸ್ - 5 = 7ಎಕ್ಸ್ - 5 ಮಾಡಿದ್ಲು, ಈಗ ಸೊನ್ನೆ. ಪುಸ್ತಕದ ಹಿಂದೆ 10, 40 ಅಂತಿದೆ. ಅವ್ಳು ಅಳೋದೊಂದು ಬಾಕಿ, ಎಲ್ಲಿ ತಪ್ತಿದೆ ಅಂತ ನಂಗೂ ಹೊಳೀತಿಲ್ಲ.

ಉತ್ತರ 1:
ನೀವು ಹೇಳ್ಕೊಟ್ಟಿದ್ದು ಸರಿಯಾಗೇ ಇದೆ, ಬ್ರಾಕೆಟ್ ಬಿಟ್ಟೋಗಿದೆ ಅಷ್ಟೆ. ಮಗನ ಆಗಿನ ವಯಸ್ಸು (ಎಕ್ಸ್ - 5), ಅದು ಇಡಿಯಾಗಿ 7 ಪಟ್ಟಾಗ್ಬೇಕು, ಅಂದ್ರೆ 7ಎಕ್ಸ್ - 35. ಈಗ 4ಎಕ್ಸ್ - 5 = 7ಎಕ್ಸ್ - 35, 3ಎಕ್ಸ್ = 30, ಎಕ್ಸ್ = 10. ತಾಳೆ ನೋಡಿ, 5 ವರ್ಷದ ಹಿಂದೆ ಮಗನಿಗೆ 5, ತಂದೆಗೆ 35, ಸರಿ ಬಂತು. ನಾನು ಟ್ಯೂಷನ್ ಮಕ್ಕಳಿಗೆ ಸಮೀಕರಣಕ್ಕೆ ಮುಂಚೆ ನಾಲ್ಕು ಮನೆ ಹಾಕಿಸ್ತೀನಿ, ಮೇಲ್ಗಡೆ ಈಗ, ಆಗ, ಪಕ್ಕದಲ್ಲಿ ತಂದೆ, ಮಗ. ನಾಲ್ಕೂ ತುಂಬಿದ್ಮೇಲೇ ಪಟ್ಟಿನ ಮಾತು, ಆಗ ಅನ್ನೋ ಮನೇಲಿ ಬರೆಯುವಾಗ್ಲೇ ಸುತ್ತ ಬ್ರಾಕೆಟ್ ಹಾಕಿಸ್ಬಿಡಿ.

ಉತ್ತರ 2:
ಎಕ್ಸ್ ಇಲ್ದೆನೂ ಒಂದ್ಸಲ ತೋರಿಸಿ, ಮಕ್ಕಳಿಗೆ ಧೈರ್ಯ ಬರತ್ತೆ. ಇಬ್ಬರ ವಯಸ್ಸಿನ ವ್ಯತ್ಯಾಸ ಯಾವತ್ತೂ ಬದಲಾಗಲ್ಲ. ಈಗ 4 ಪಟ್ಟು ಅಂದ್ರೆ ವ್ಯತ್ಯಾಸ ಮಗನ ವಯಸ್ಸಿನ 3ರಷ್ಟು, ಆಗ 7 ಪಟ್ಟು ಅಂದ್ರೆ ಆಗಿನ ವಯಸ್ಸಿನ 6ರಷ್ಟು. ಎರಡೂ ಒಂದೇ ಆಗ್ಬೇಕಾದ್ರೆ ಮಗನ ವಯಸ್ಸು ಈ 5 ವರ್ಷದಲ್ಲಿ ಡಬಲ್ ಆಗಿರ್ಬೇಕು, 5 ಇದ್ದದ್ದು 10. ಪರೀಕ್ಷೇಲಿ ಮಾತ್ರ ಸಮೀಕರಣಾನೇ ಬರೀಲಿ. ಎಕ್ಸ್ ಅಂದ್ರೆ ಹೆದರಿಕೆ ಇದ್ರೆ ಮಗನಿಗೆ 'ಮ' ಅಂತ ಬರೆಸಿ ಪರವಾಗಿಲ್ಲ, 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ತಾವತ್' ಅಂತ ಕರೆದು ಚಿಕ್ಕದಾಗಿ 'ಯಾ' ಅಂತ ಬರೀತಿದ್ರು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಇಬ್ರಿಗೂ, ನಾಲ್ಕು ಮನೆ ಹಾಕಿ ಒಬ್ಳೇ ಮಾಡಿದ್ಲು. ಆಮೇಲೆ ನಮ್ದೇ ಲೆಕ್ಕ ಕೊಟ್ಟೆ, ನಂಗೆ 40 ಅವ್ಳಿಗೆ 14, ಎಷ್ಟು ವರ್ಷಕ್ಕೆ ನಾನು ಅವಳ ಎರಡರಷ್ಟು? 40 + ಎಕ್ಸ್ = 2(14 + ಎಕ್ಸ್), 12 ಅಂತ ಪಟ್ ಅಂತ ಹೇಳಿದ್ಲು. ಮೂರರಷ್ಟು ಯಾವಾಗ ಅಂದೆ, 40 + ಎಕ್ಸ್ = 3(14 + ಎಕ್ಸ್) ಬಿಡಿಸಿದ್ರೆ -1 ಬಂತು, ಬ್ರಾಕೆಟ್ ಎಲ್ಲಾ ಸರಿಯಾಗೇ ಇದೆ, ಆದ್ರೂ ಮತ್ತೆ ಮೈನಸ್ ಅಂತ ರಬ್ಬರ್ ತಗೊಂಡಿದಾಳೆ.

ಉತ್ತರ 1:
ಅಯ್ಯೋ ಅಳಿಸ್ಬೇಡ ಅನ್ನಿ! ಮೊದಲ್ನೇ ಲೆಕ್ಕದಲ್ಲಿ ಎಕ್ಸ್ ವಯಸ್ಸು, ವಯಸ್ಸು ಮೈನಸ್ ಆಗಲ್ಲ. ಇಲ್ಲಿ ಎಕ್ಸ್ ಅಂದ್ರೆ ಇನ್ನೆಷ್ಟು ವರ್ಷಕ್ಕೆ ಅಂತ, -1 ಅಂದ್ರೆ ಹೋದ ವರ್ಷ. ಆಗ ನಿಮ್ಗೆ 39, ಅವ್ಳಿಗೆ 13.