ಕ್ರಿಕೆಟ್ ಗೊತ್ತು, ಬೇಸ್‌ಬಾಲ್ ಗೊತ್ತಿಲ್ಲ: ಯಾವ ಪುಸ್ತಕದಿಂದ ಶುರು ಮಾಡಲಿ?

ಮಲೆನಾಡ ಓದುಗ:

'ಮನಿಬಾಲ್' ಸಿನಿಮಾ ನೋಡಿದ ಮೇಲೆ ಮೈಕಲ್ ಲೂಯಿಸ್ ಬರೆದ ಪುಸ್ತಕ ಕೈಗೆತ್ತಿಕೊಂಡಿದ್ದೇನೆ. ಓದಿಸಿಕೊಂಡು ಹೋಗುತ್ತೆ, ಆದರೆ ಆಟದ ವಿವರ ಬಂದಾಗೆಲ್ಲ ತಡವರಿಸುವಂತಾಗುತ್ತೆ. ಫೋರ್ಸ್ ಔಟ್, ಡಬಲ್ ಪ್ಲೇ, ವಾಕ್, ಆನ್-ಬೇಸ್ ಪರ್ಸೆಂಟೇಜ್... ಕ್ರಿಕೆಟ್ ಚೆನ್ನಾಗಿ ಗೊತ್ತಿರುವವರಿಗೆ ಇದರಲ್ಲಿ ಎಷ್ಟು ಗೊತ್ತಿದ್ದರೆ ಸಾಕು? ಇದಾದ ಮೇಲೆ ಯಾವ ಪುಸ್ತಕ ಓದಬೇಕು? ಅಮೆರಿಕದ ಸಿನಿಮಾ, ಹಾಡು, ಕಾದಂಬರಿ ಎಲ್ಲದರಲ್ಲೂ ಈ ಆಟ ಇಷ್ಟೊಂದು ಬರೋದು ಯಾಕೆ? ಸಿನಿಮಾ ನೋಡಿದರೆ ಸಾಕು, ಪುಸ್ತಕ ಬೇಡ ಅನ್ನುವಂಥದ್ದು ಇದ್ದರೆ ಅದನ್ನೂ ಹೇಳಿ.

ಶಾರ್ಟ್‌ಸ್ಟಾಪ್ ಆರು:

ಮೊದಲು ಫೋರ್ಸ್ ಔಟ್ ಅರ್ಥ ಮಾಡಿಕೊಳ್ಳಿ, ಅರ್ಧ ಕಷ್ಟ ಅಲ್ಲೇ ಮುಗಿಯುತ್ತೆ. ಕ್ರಿಕೆಟ್‌ನಲ್ಲಿ ಚೆಂಡು ಹೊಡೆದ ಮೇಲೆ ಓಡೋದು ಬಿಡೋದು ಬ್ಯಾಟ್ಸ್‌ಮನ್ ಇಷ್ಟ. ಇಲ್ಲಿ ಹೊಡೆದ ಚೆಂಡು ಫೌಲ್ ಗೆರೆಗಳ ಒಳಗೆ ನೆಲಕ್ಕೆ ಬಿತ್ತು ಅಂದರೆ ಫಸ್ಟ್ ಬೇಸ್‌ಗೆ ಓಡಲೇಬೇಕು (ಬೇಸ್ ಅಂದರೆ ರನ್ ಆಗಲು ಸರದಿಯಾಗಿ ಮೆಟ್ಟಬೇಕಾದ ತಾಣ). ಒಂದು ಬೇಸ್‌ನಲ್ಲಿ ಒಬ್ಬನಿಗಷ್ಟೇ ಜಾಗ. ಹಾಗಾಗಿ ಅಲ್ಲಿ ಮೊದಲೇ ನಿಂತಿದ್ದವನು ಸೆಕೆಂಡ್ ಬೇಸ್‌ಗೆ ಓಡದೆ ವಿಧಿಯಿಲ್ಲ. ಅವನನ್ನು ಔಟ್ ಮಾಡಲು ಮೈ ಮುಟ್ಟಬೇಕಿಲ್ಲ, ಅವನು ತಲುಪುವ ಮೊದಲು ಚೆಂಡು ಹಿಡಿದ ಫೀಲ್ಡರ್ ಆ ಬೇಸ್ ಮೆಟ್ಟಿದರೆ ಸಾಕು. ಹಿಂದಿನಿಂದ ತಳ್ಳುವವರಿಲ್ಲದೆ ತಾನಾಗಿ ಓಡಿದವನನ್ನು ಮಾತ್ರ ಚೆಂಡಿರುವ ಕೈಯಿಂದ ಅಥವಾ ಗ್ಲೌಸ್‌ನಿಂದ ಮುಟ್ಟಬೇಕು. ಅದು ಟ್ಯಾಗ್.

ಪುಸ್ತಕಗಳಲ್ಲಿ '6-4-3' ಅಂತ ಬರುತ್ತಲ್ಲ, ಅದು ಜೆರ್ಸಿ ನಂಬರ್ ಅಲ್ಲ, ಆಟಗಾರ ನಿಲ್ಲುವ ಜಾಗದ ನಂಬರ್. ಪಿಚರ್ (ಚೆಂಡೆಸೆಯುವವನು) 1, ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) 2, ಫಸ್ಟ್ ಬೇಸ್ 3, ಸೆಕೆಂಡ್ 4, ಥರ್ಡ್ 5, ಶಾರ್ಟ್‌ಸ್ಟಾಪ್ 6. ಔಟ್‌ಫೀಲ್ಡ್‌ನಲ್ಲಿ ಲೆಫ್ಟ್ 7, ಸೆಂಟರ್ 8, ರೈಟ್ 9. ಶಾರ್ಟ್‌ಸ್ಟಾಪ್ ನಿಲ್ಲುವುದು ಸೆಕೆಂಡ್ ಮತ್ತು ಥರ್ಡ್ ನಡುವೆ, ನಂಬರ್ ಮಾತ್ರ ಥರ್ಡ್ ಆದ ಮೇಲೆ. ಹೊಸಬರು ಎಡವುವುದು ಅಲ್ಲೇ. ಈಗ 6-4-3 ಓದಿ: ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಸೆಕೆಂಡ್ ಬೇಸ್‌ಮನ್‌ಗೆ ಕೊಟ್ಟ, ಅವನು ಬೇಸ್ ಮೆಟ್ಟಿ ಒಬ್ಬನನ್ನು ಔಟ್ ಮಾಡಿ ಫಸ್ಟ್ ಬೇಸ್‌ಗೆ ಎಸೆದ, ಅಲ್ಲಿ ಹೊಡೆದವನೂ ಔಟ್. ಅದೇ ಡಬಲ್ ಪ್ಲೇ.

ಒಂದು ಸೂಕ್ಷ್ಮ ಇದೆ. ಫಸ್ಟ್ ಬೇಸ್‌ಮನ್ ಚೆಂಡು ಹಿಡಿದು ಮೊದಲು ತನ್ನ ಬೇಸ್ ಮೆಟ್ಟಿದರೆ ಹೊಡೆದವನು ಔಟಾಗುತ್ತಾನೆ, ಆ ಕ್ಷಣಕ್ಕೆ ಮುಂದೆ ಓಡುತ್ತಿರುವವನ ಮೇಲಿನ ಒತ್ತಾಯವೂ ಹೋಗುತ್ತೆ. ಆಮೇಲೆ ಸೆಕೆಂಡ್ ಬೇಸ್ ಮೆಟ್ಟಿದರೆ ಪ್ರಯೋಜನವಿಲ್ಲ, ಅವನನ್ನು ಮುಟ್ಟಲೇಬೇಕು.

ಇನ್ನು ಅಂಕಿ. ಸ್ಟ್ರೈಕ್ ವಲಯದ (ಬ್ಯಾಟರ್ ಆಡಬಹುದಾದ ಎತ್ತರ-ಅಗಲದ ಚೌಕ) ಹೊರಗೆ ಬಿದ್ದ ನಾಲ್ಕು ಎಸೆತಗಳನ್ನು ಆಡದೆ ಬಿಟ್ಟರೆ ಫಸ್ಟ್ ಬೇಸ್ ಪುಕ್ಕಟೆ. ಅದು ವಾಕ್. ಬ್ಯಾಟಿಂಗ್ ಸರಾಸರಿಯ ಲೆಕ್ಕದಲ್ಲಿ ವಾಕ್‌ಗೆ ಬೆಲೆಯೇ ಇಲ್ಲ, ಲೂಯಿಸ್ ಪುಸ್ತಕ ನಿಂತಿರುವುದು ಈ ಲೋಪದ ಮೇಲೆ. ಒಬ್ಬ 600 ಅಟ್-ಬ್ಯಾಟ್‌ನಲ್ಲಿ (ವಾಕ್ ಮುಂತಾದವು ಬಿಟ್ಟು ಲೆಕ್ಕಕ್ಕೆ ಹಿಡಿಯುವ ಸರದಿಗಳು) 180 ಹಿಟ್ (ಹೊಡೆದು ಬೇಸ್ ತಲುಪಿದ್ದು) ಹೊಡೆದ ಅಂದುಕೊಳ್ಳಿ, ಸರಾಸರಿ .300, ಎಲ್ಲರೂ ಮೆಚ್ಚುವ ಅಂಕಿ. ಆದರೆ ಅವನಿಗೆ ವಾಕ್ ಬರೀ 20, ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚ್ ಔಟಾದರೂ ಇನ್ನೊಬ್ಬನಿಗೆ ರನ್ ತಂದುಕೊಟ್ಟ ಹೊಡೆತ) 5. ಬೇಸ್ ತಲುಪಿದ್ದು 625ರಲ್ಲಿ 200 ಸಲ, ಅಂದರೆ .320. ಆನ್-ಬೇಸ್ ಪರ್ಸೆಂಟೇಜ್ ಅಂದರೆ ಇದೇ. ಇನ್ನೊಬ್ಬ 500ಕ್ಕೆ 130 ಹಿಟ್, ಸರಾಸರಿ .260. ವಾಕ್ 100, ಮೈಗೆ ಚೆಂಡು ತಾಗಿಸಿಕೊಂಡಿದ್ದು 5, ಸ್ಯಾಕ್ರಿಫೈಸ್ ಫ್ಲೈ 5. ಇವನು 610ರಲ್ಲಿ 235 ಸಲ ತಲುಪಿದ: .385. ಮಾರುಕಟ್ಟೆಯಲ್ಲಿ ಮೊದಲನೆಯವನಿಗೆ ಬೆಲೆ ಜಾಸ್ತಿ, ಎರಡನೆಯವನು ಅಗ್ಗಕ್ಕೆ ಸಿಗುತ್ತಿದ್ದ. ಲೂಯಿಸ್ ಪುಸ್ತಕದ ಓಕ್‌ಲ್ಯಾಂಡ್ ತಂಡ ಕೊಂಡಿದ್ದು ಇಂಥವರನ್ನು.

ಅಂದ ಹಾಗೆ ಈ ಲೆಕ್ಕದ ಚೌಕಟ್ಟನ್ನು ಕಟ್ಟಿದವರಲ್ಲಿ ಮುಖ್ಯನಾದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಕ್ರಿಕೆಟ್ ವರದಿಗಾರನಾಗಿದ್ದವನು. ಪತ್ರಿಕೆಯ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಪಟ್ಟಿ) ನೋಡಿದಾಗ ನಮಗೆ ಎಲ್ಲೋ ಪರಿಚಯ ಅನ್ನಿಸುವುದು ಸುಮ್ಮನೆ ಅಲ್ಲ.

ಹಳೇ ಪುಸ್ತಕದಂಗಡಿ:

ಲೂಯಿಸ್ (2003) ಮುಗಿಸಿ, ಆದರೆ ಒಂದು ತಕರಾರು ಮನಸ್ಸಿನಲ್ಲಿರಲಿ. 2002ರಲ್ಲಿ ಓಕ್‌ಲ್ಯಾಂಡ್ 103 ಪಂದ್ಯ ಗೆದ್ದದ್ದಕ್ಕೆ ಅಗ್ಗದ ಆಟಗಾರರಷ್ಟೇ ಕಾರಣರಲ್ಲ. ಹಡ್ಸನ್, ಮಲ್ಡರ್, ಝೀಟೋ ಎಂಬ ಮೂವರು ಭಾರಿ ಪಿಚರ್‌ಗಳಿದ್ದರು, ಝೀಟೋಗೆ ಆ ವರ್ಷ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು. ಮಿಗೆಲ್ ತೆಹಾಡ ಲೀಗಿನ ಅತ್ಯಮೂಲ್ಯ ಆಟಗಾರನಾದ. ಪುಸ್ತಕದಲ್ಲಿ ಇವರಿಗೆ ಸಿಕ್ಕ ಜಾಗ ಕಡಿಮೆ, ಸಿನಿಮಾದಲ್ಲಿ ಇನ್ನೂ ಕಡಿಮೆ.

ಅದಾದ ಮೇಲೆ ಲಾರೆನ್ಸ್ ರಿಟ್ಟರ್ ಅವರ 'ದಿ ಗ್ಲೋರಿ ಆಫ್ ದೇರ್ ಟೈಮ್ಸ್' (1966). ಅರ್ಥಶಾಸ್ತ್ರದ ಮೇಷ್ಟ್ರು, ಟೇಪ್ ರೆಕಾರ್ಡರ್ ಹೊತ್ತು ಊರೂರು ತಿರುಗಿ 20ನೇ ಶತಮಾನದ ಮೊದಲ ವರ್ಷಗಳ ಆಟಗಾರರನ್ನು ಮಾತಾಡಿಸಿದರು. ಪ್ರತಿ ಅಧ್ಯಾಯ ಒಬ್ಬ ಮುದುಕನ ಮಾತು, ಅವನದೇ ಧಾಟಿಯಲ್ಲಿ. ನಿಯಮ ಅಷ್ಟಾಗಿ ಗೊತ್ತಿಲ್ಲದವರೂ ಓದಬಹುದು. ನನ್ನ ಮಟ್ಟಿಗೆ ಈ ಆಟದ ಮೇಲೆ ಬಂದ ಅತ್ಯುತ್ತಮ ಪುಸ್ತಕ ಇದೇ.

ನಂತರ ಪಿಚರ್ ಜಿಮ್ ಬೌಟನ್‌ನ 'ಬಾಲ್ ಫೋರ್' (1970). 1969ರ ಸೀಸನ್ನಿನ ದಿನಚರಿ, ಹೆಚ್ಚಿನ ಭಾಗ ಸಿಯಾಟಲ್ ಪೈಲಟ್ಸ್ ತಂಡದ್ದು. ಆ ತಂಡ ಬದುಕಿದ್ದೇ ಆ ಒಂದು ಸೀಸನ್. ಕುಡಿತ, ಮಾತ್ರೆ, ಸಂಬಳದ ಚೌಕಾಸಿ ಎಲ್ಲ ಬಿಚ್ಚಿಟ್ಟಿದ್ದಕ್ಕೆ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಬೋವಿ ಕೂನ್ ಕರೆಸಿ, ಬರೆದದ್ದು ಸುಳ್ಳು ಅಂತ ಸಹಿ ಹಾಕು ಎಂದು ಒತ್ತಾಯಿಸಿದರು. ಬೌಟನ್ ಹಾಕಲಿಲ್ಲ. ಬೈಗುಳ ಧಾರಾಳ, ಮಕ್ಕಳ ಕೈಗೆ ಕೊಡಬೇಡಿ.

ರೋಜರ್ ಕಾನ್ ಅವರ 'ದಿ ಬಾಯ್ಸ್ ಆಫ್ ಸಮ್ಮರ್' (1972) ಕೊನೆಗಿಡಿ, ಅದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಕಥೆ. ಆ ತಂಡ 1957ರ ಸೀಸನ್ ಮುಗಿಸಿ ಲಾಸ್ ಏಂಜಲೀಸ್‌ಗೆ ಹೋಗಿಬಿಟ್ಟದ್ದು, 1947ರಲ್ಲಿ ಜಾಕಿ ರಾಬಿನ್ಸನ್ ವರ್ಣಭೇದದ ಗೋಡೆ ಒಡೆದದ್ದು ಇವೆರಡೂ ತಿಳಿದಿದ್ದರೆ ಅದರ ನೋವು ತಟ್ಟುತ್ತೆ. ಇಲ್ಲದಿದ್ದರೆ ಬರೀ ಹೆಸರುಗಳ ಸಂತೆ.

ಮಲೆನಾಡ ಓದುಗ:

ಇಬ್ಬರಿಗೂ ಧನ್ಯವಾದ. ಇನ್ನೊಂದು ಅನುಮಾನ: ಹಳೇ ಪುಸ್ತಕಗಳಲ್ಲಿ ಪಿಚರ್ ಕೂಡ ಬ್ಯಾಟ್ ಮಾಡ್ತಾನೆ, ಈಗ ಮಾಡಲ್ಲ ಅಂತಾರೆ. ಅಂಕಿಗಳೂ ಕಾಲಕಾಲಕ್ಕೆ ತುಂಬಾ ಬೇರೆ ಅನ್ನಿಸ್ತಿದೆ. ಹೋಲಿಸೋದು ಹೇಗೆ?

ಶಾರ್ಟ್‌ಸ್ಟಾಪ್ ಆರು:

ನೇರವಾಗಿ ಹೋಲಿಸಬೇಡಿ. ಪುಸ್ತಕ ತೆರೆದ ತಕ್ಷಣ ಅದು ಯಾವ ವರ್ಷದ ಆಟ ಅಂತ ನೋಡಿಕೊಳ್ಳಿ. 1920ಕ್ಕೆ ಮುಂಚೆ ಒಂದೇ ಚೆಂಡನ್ನು ಕೊಳೆಯಾಗಿ ಮೆತ್ತಗಾಗುವ ತನಕ ಆಡಿಸುತ್ತಿದ್ದರು, ಎಂಜಲು ಹಚ್ಚಿ ಎಸೆಯಬಹುದಿತ್ತು. ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ) ಅಪರೂಪ. 1920ರಲ್ಲಿ ಎಂಜಲು ಚೆಂಡಿಗೆ ನಿಷೇಧ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ರೇ ಚಾಪ್ಮನ್ ತಲೆಗೆ ಚೆಂಡು ಬಡಿದು ತೀರಿಕೊಂಡ ಮೇಲೆ ಕೊಳೆ ಚೆಂಡನ್ನು ಬೇಗ ಬದಲಿಸುವುದೂ ರೂಢಿಯಾಯಿತು. ಸೀಸನ್‌ಗೆ 154 ಪಂದ್ಯ ಇದ್ದದ್ದು, ಎರಡು ದೊಡ್ಡ ಲೀಗ್‌ಗಳ ಪೈಕಿ ಅಮೆರಿಕನ್ ಲೀಗ್‌ನಲ್ಲಿ 1961ಕ್ಕೆ, ನ್ಯಾಷನಲ್ ಲೀಗ್‌ನಲ್ಲಿ 1962ಕ್ಕೆ 162 ಆಯಿತು. ಬೇಬ್ ರೂತ್‌ನ 60 (1927), ರೋಜರ್ ಮ್ಯಾರಿಸ್‌ನ 61 (1961) ಹೋಮ್ ರನ್‌ಗಳಲ್ಲಿ ಯಾವುದು ನಿಜವಾದ ದಾಖಲೆ ಅನ್ನುವ ಜಗಳ ಹುಟ್ಟಿದ್ದು ಇಲ್ಲಿಂದ.

1968ರಲ್ಲಿ ಪಿಚರ್‌ಗಳದೇ ದರ್ಬಾರು: ಬಾಬ್ ಗಿಬ್ಸನ್ ಒಂಬತ್ತು ಇನ್ನಿಂಗ್ಸ್‌ಗೆ ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟರೆ ಸರಾಸರಿ ಬರೀ 1.12 ರನ್ ಬಿಟ್ಟುಕೊಟ್ಟ, ಅಮೆರಿಕನ್ ಲೀಗಿನ ಬ್ಯಾಟಿಂಗ್ ಚಾಂಪಿಯನ್ ಸರಾಸರಿ ಬರೀ .301. ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10ಕ್ಕೆ ತಗ್ಗಿಸಿದರು. ಪಿಚರ್ ಬದಲು ಬ್ಯಾಟ್ ಮಾಡುವ ಡೆಸಿಗ್ನೇಟೆಡ್ ಹಿಟ್ಟರ್ ಅಮೆರಿಕನ್ ಲೀಗ್‌ಗೆ 1973ರಲ್ಲಿ ಬಂದ. ನ್ಯಾಷನಲ್ ಲೀಗ್ ಕಾಯಂ ಆಗಿ ಒಪ್ಪಿದ್ದು 2022ರಲ್ಲಿ.

ಬೆಳ್ಳಿತೆರೆ:

ಸಿನಿಮಾ ಪ್ರಶ್ನೆಗೆ ನನ್ನ ಉತ್ತರ. ಬರ್ನಾರ್ಡ್ ಮಲಮಡ್ ಅವರ 'ದಿ ನ್ಯಾಚುರಲ್' (1952) ಓದದೆ 1984ರ ಸಿನಿಮಾ ಮಾತ್ರ ನೋಡಿದರೆ ಕಥೆಯೇ ತಲೆಕೆಳಗಾಗಿ ತಿಳಿದಂತೆ. ತೆರೆಯ ಮೇಲೆ ರಾಯ್ ಹಾಬ್ಸ್ ಕೊನೆಯಲ್ಲಿ ಹೊಡೆದ ಚೆಂಡು ದೀಪಗಳನ್ನೇ ಒಡೆಯುತ್ತೆ, ಕಿಡಿಗಳ ಮಳೆ ಸುರಿಯುತ್ತೆ. ಕಾದಂಬರಿಯಲ್ಲಿ ಅವನು ಲಂಚಕ್ಕೆ ಒಪ್ಪಿಕೊಂಡು, ಆಮೇಲೆ ಮನಸ್ಸು ಬದಲಾಯಿಸಿ, ಗೆಲ್ಲಬೇಕು ಅಂತ ನಿಂತಾಗ ಚೆಂಡು ಹೊಡೆಯಲಾಗದೆ ಸ್ಟ್ರೈಕ್ ಔಟ್ ಆಗುತ್ತಾನೆ. ಮಲಮಡ್ ಹೇಳಹೊರಟದ್ದು ಆ ಸೋಲನ್ನೇ.

'ಫೀಲ್ಡ್ ಆಫ್ ಡ್ರೀಮ್ಸ್' (1989) ಡಬ್ಲ್ಯೂ. ಪಿ. ಕಿನ್ಸೆಲ್ಲಾರ 'ಶೂಲೆಸ್ ಜೋ' (1982) ಕಾದಂಬರಿಯಿಂದ ಬಂದದ್ದು. ಕಾದಂಬರಿಯಲ್ಲಿ ಲೇಖಕ ಸಾಲಿಂಜರ್ ಸ್ವತಃ ಪಾತ್ರ. ಸಿನಿಮಾ ಅವರ ಜಾಗಕ್ಕೆ ಟೆರೆನ್ಸ್ ಮ್ಯಾನ್ ಅನ್ನೋ ಕಲ್ಪಿತ ಲೇಖಕನನ್ನು ತಂದಿತು. ಹೆಸರಿನ ಶೂಲೆಸ್ ಜೋ, ಅಂದರೆ ಹಳೇ ಆಟಗಾರ ಜೋ ಜಾಕ್ಸನ್, ನಿಜದಲ್ಲಿ ಎಡಗೈ ಬ್ಯಾಟರ್, ತೆರೆಯ ಮೇಲೆ ಬಲಗೈ. ಮೂನ್‌ಲೈಟ್ ಗ್ರಹಾಂ ಪಾತ್ರವೂ ನಿಜವಾಗಿ ಇದ್ದವರದೇ: 1905ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಪರ ಒಂದೇ ಒಂದು ಪಂದ್ಯ, ಬ್ಯಾಟ್ ಮಾಡುವ ಸರದಿ ಬರಲೇ ಇಲ್ಲ, ಆಮೇಲೆ ಮಿನೆಸೋಟದ ಚಿಶಮ್‌ನಲ್ಲಿ ವೈದ್ಯರು. ಸಿನಿಮಾಕ್ಕೆ ಕಟ್ಟಿದ ಮೈದಾನ ಅಯೋವಾದ ಡೈಯರ್ಸ್‌ವಿಲ್‌ನಲ್ಲಿ ಈಗಲೂ ಇದೆ. 2021ರ ಆಗಸ್ಟ್‌ನಲ್ಲಿ ಅದರ ಪಕ್ಕ ಜೋಳದ ಹೊಲದ ನಡುವೆ ಯಾಂಕೀಸ್, ವೈಟ್ ಸಾಕ್ಸ್ ಅಧಿಕೃತ ಪಂದ್ಯವನ್ನೇ ಆಡಿದರು.

1919ರ ವರ್ಲ್ಡ್ ಸೀರೀಸ್‌ನಲ್ಲಿ (ವರ್ಷದ ಕೊನೆಯ ಚಾಂಪಿಯನ್‌ಶಿಪ್) ವೈಟ್ ಸಾಕ್ಸ್ ಆಟಗಾರರು ದುಡ್ಡು ತೆಗೆದುಕೊಂಡು ಸೋತ ಮೋಸದ ಮೇಲಿನ 'ಏಟ್ ಮೆನ್ ಔಟ್' (ಪುಸ್ತಕ 1963, ಸಿನಿಮಾ 1988) ಎರಡೂ ಚೆನ್ನಾಗಿವೆ, ಎರಡನ್ನೂ ಪೂರ್ತಿ ನಂಬಬೇಡಿ. ಮಾಲೀಕನ ಜಿಪುಣತನವೇ ಕಾರಣ ಅನ್ನುವ ವಾದ ಗಟ್ಟಿ ನಿಲ್ಲುವುದಿಲ್ಲ. ವೈಟ್ ಸಾಕ್ಸ್ ಆಗ ಹೆಚ್ಚು ಸಂಬಳ ಕೊಡುತ್ತಿದ್ದ ತಂಡಗಳಲ್ಲೊಂದು ಅಂತ ನಂತರದ ಸಂಶೋಧಕರು ತೋರಿಸಿದ್ದಾರೆ.

ಪುಸ್ತಕ ಬೇಡದೆ ಸಿನಿಮಾ ಸಾಕು ಅನ್ನುವುದಾದರೆ 'ಬುಲ್ ಡರಮ್' (1988). ಅದು ಯಾವ ಪುಸ್ತಕದಿಂದಲೂ ಬಂದದ್ದಲ್ಲ, ಚಿಕ್ಕ ಊರಿನ ಲೀಗ್‌ಗಳ ಬದುಕು ಅದರಲ್ಲಿ ಅಚ್ಚುಕಟ್ಟಾಗಿದೆ.

ಯಾಕಿಷ್ಟು ಬರುತ್ತೆ ಅಂದರೆ, ನನ್ನ ಪ್ರಕಾರ ಮುಖ್ಯ ಕಾರಣ ಆಟದ ಲಯ. ವರ್ಷದಲ್ಲಿ ಆರು ತಿಂಗಳು ಹೆಚ್ಚುಕಮ್ಮಿ ದಿನಾ ಪಂದ್ಯ, ಹಾಗಾಗಿ ಪತ್ರಿಕೆಗೆ ದಿನಾ ಬರೆಯುವ ಕೆಲಸ. ಆ ಬರಹಗಾರರಲ್ಲಿ ಕೆಲವರು ಕಥೆಗಾರರಾದರು. ಇದರ ಜತೆ ದೇಶ ತನ್ನ ಬಗ್ಗೆ ಹೇಳಿಕೊಳ್ಳಲು ಇಷ್ಟಪಟ್ಟ ಪುರಾಣ ಬೇರೆ. 1839ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಆಬ್ನರ್ ಡಬಲ್‌ಡೇ ಆಟ ಕಂಡುಹಿಡಿದ ಅಂತ ಮಿಲ್ಸ್ ಆಯೋಗ 1907ರಲ್ಲಿ ತೀರ್ಮಾನಿಸಿತು. ಆಗ ಅವನಿದ್ದದ್ದು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ. ಆಟದ ಹೆಸರು 1744ರ ಇಂಗ್ಲಿಷ್ ಮಕ್ಕಳ ಪುಸ್ತಕವೊಂದರಲ್ಲೇ ಇದೆ. ಆದರೂ ಆಟದ ದಿಗ್ಗಜರ ಮ್ಯೂಸಿಯಂ ಹಾಲ್ ಆಫ್ ಫೇಮ್ 1939ರಲ್ಲಿ ಬಾಗಿಲು ತೆರೆದದ್ದು ಕೂಪರ್ಸ್‌ಟೌನ್‌ನಲ್ಲೇ.

ಕೊಶಿಯೆನ್ ಅಭಿಮಾನಿ:

ಅಮೆರಿಕಕ್ಕೇ ನಿಲ್ಲಬೇಡಿ. ಜಪಾನಿನಲ್ಲಿ ಈ ಆಟದ ದೊಡ್ಡ ಸಾಹಿತ್ಯ ಇರುವುದು ಮಂಗಾದಲ್ಲಿ, ಅಂದರೆ ಅಲ್ಲಿನ ಕಾಮಿಕ್ಸ್‌ನಲ್ಲಿ. 1966ರಲ್ಲಿ ಶುರುವಾದ 'ಕ್ಯೋಜಿನ್ ನೊ ಹೋಶಿ' ಅಪ್ಪ ಮಗನನ್ನು ಕಠೋರವಾಗಿ ತಯಾರು ಮಾಡುವ ಕಥೆ. ಅದನ್ನೇ ಮುಂಬೈಗೆ, ಕ್ರಿಕೆಟ್‌ಗೆ ಒಗ್ಗಿಸಿ 2012ರಲ್ಲಿ 'ಸೂರಜ್: ದಿ ರೈಸಿಂಗ್ ಸ್ಟಾರ್' ಅಂತ ಹಿಂದಿ ಅನಿಮೇಷನ್ ಸರಣಿ ಬಂತು. ಜಪಾನಿನ ವೃತ್ತಿಪರ ಆಟ ಅರ್ಥವಾಗಬೇಕಾದರೆ ರಾಬರ್ಟ್ ವೈಟಿಂಗ್ ಅವರ 'ಯೂ ಗಾಟ ಹ್ಯಾವ್ ವಾ' (1989) ಓದಿ. ಅಮೆರಿಕದಿಂದ ಹೋದ ಆಟಗಾರರು ಅಲ್ಲಿನ ಮುಗಿಯದ ಪ್ರಾಕ್ಟೀಸಿಗೆ ಹೇಗೆ ಸಿಡಿಮಿಡಿಗೊಂಡರು ಅನ್ನುವ ಭಾಗ ಬಿಡಬೇಡಿ.

ದುಡ್ಡು ಕೊಡದೆ ಶುರು ಮಾಡಬೇಕಾದರೆ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್ ಹೆಸರಿನಲ್ಲಿ ಬಂದ 'ಪಿಚಿಂಗ್ ಇನ್ ಎ ಪಿಂಚ್' (1912) ಇದೆ. ಪಿಚರ್ ಎದುರಾಳಿಯ ದೌರ್ಬಲ್ಯ ಹೇಗೆ ಹುಡುಕುತ್ತಾನೆ, ಎದುರಾಳಿ ತಂಡದ ಗುಟ್ಟಿನ ಸನ್ನೆ ಕದಿಯುವುದು ಹೇಗೆ ಎಲ್ಲ ಸರಳವಾಗಿದೆ. ರಿಂಗ್ ಲಾರ್ಡ್ನರ್ ಅವರ 'ಯೂ ನೋ ಮಿ ಆಲ್' (1916) ಕೂಡ ಅಲ್ಲೇ ಸಿಗುತ್ತೆ, ಆದರೆ ಅದು ಅರೆಬರೆ ಓದಿದ ಪಿಚರ್ ಬರೆದ ಪತ್ರಗಳ ರೂಪದಲ್ಲಿದೆ, ಕಾಗುಣಿತವನ್ನು ಬೇಕೆಂದೇ ತಪ್ಪಿಸಿದ್ದಾರೆ. ಅದನ್ನು ಮ್ಯಾಥ್ಯೂಸನ್ ಮುಗಿಸಿದ ಮೇಲೆ ಹಿಡಿಯಿರಿ.